ಕನಸಿನಲ್ಲಿ ಎಣಿಸಿದ ಎಲೆಗಳು

ಚುಕ್ಕಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿದೆ. ಇಪ್ಪತ್ತೆರಡು ವರ್ಷ ಚುಕ್ಕಿಗಳ ಬೆನ್ನು ಹತ್ತಿ ನಡೆದವನನ್ನು ಜನ ಇನ್ನೇನೆಂದು ಕರೆದಾರು? ಮನೆಯಲ್ಲಿ ಹೆಂಡತಿಯೊಬ್ಬಳೇ ‘ರೀ’ ಎನ್ನುತ್ತಾಳೆ. ಸಿಟ್ಟು ಬಂದ ದಿನ ಅವಳೂ ‘ಏನ್ರೀ ಚುಕ್ಕಿಯಣ್ಣ’ ಎಂದೇ ಶುರು ಮಾಡುತ್ತಾಳೆ.

ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಾಲು ಗಟ್ಟಿ ಇರಬೇಕು. ಮೇಲೆ ಉಪಗ್ರಹ ಸುತ್ತುತ್ತಿರುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಇದೇ ನೆಲದ ಮೇಲೆ ಹಾದುಹೋಗುತ್ತ ಚಿತ್ರ ತೆಗೆಯುತ್ತದೆ. ನಕ್ಷೆ ಆಫೀಸಿನ ಯಂತ್ರ ಆ ಚಿತ್ರಕ್ಕೆ ಬಣ್ಣ ಹಚ್ಚುತ್ತದೆ. ಹಸಿರೆಂದರೆ ಕಾಡು, ಹಳದಿಯೆಂದರೆ ಹೊಲ, ಕಂದು ಎಂದರೆ ಬೋಳು ನೆಲ. ಹಚ್ಚಿದ ಬಣ್ಣ ಸರಿಯೋ ತಪ್ಪೋ ಎಂದು ಯಾರಾದರೂ ನೋಡಬೇಕಲ್ಲ, ಅದಕ್ಕೆ ಯಂತ್ರವೇ ಕಣ್ಣು ಮುಚ್ಚಿಕೊಂಡು ನಕ್ಷೆಯ ಮೇಲೆ ಚುಕ್ಕಿಗಳನ್ನು ಎರಚುತ್ತದೆ. ಒಂದು ಚುಕ್ಕಿ ಹೊಳೆಯ ನಡುವೆ ಬೀಳುತ್ತದೆ, ಇನ್ನೊಂದು ಯಾರದೋ ಹಿತ್ತಿಲಲ್ಲಿ, ಮತ್ತೊಂದು ಮೇಕೆಯೂ ಹತ್ತದ ಬಂಡೆಯ ನೆತ್ತಿಯಲ್ಲಿ. ಬಿದ್ದಲ್ಲಿಗೆ ಚುಕ್ಕಿಯಣ್ಣ ಹೋಗಬೇಕು, ನಿಲ್ಲಬೇಕು, ಕಂಡದ್ದನ್ನು ಬರೆಯಬೇಕು. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಕಟ್ಟಿದವರು ಉಪಗ್ರಹವನ್ನು ಕಂಡವರಲ್ಲ. ಆದರೂ ಅದರ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಅವರೇ ಹೇಳಿ ಮುಗಿಸಿದ್ದಾರೆ.

ಅವನ ಚೀಲದಲ್ಲಿ ಗೇಣುದ್ದದ ತಗಡಿನ ನಳಿಗೆಯೊಂದು ಇರುತ್ತದೆ. ಅದರ ಒಂದು ಬಾಯಿಗೆ ಎರಡು ದಾರ ಅಡ್ಡಡ್ಡ ಕಟ್ಟಿದೆ. ಚುಕ್ಕಿಯ ಮೇಲೆ ನಿಂತು, ನಳಿಗೆಯನ್ನು ಕಣ್ಣಿಗಿಟ್ಟು, ನೆಟ್ಟಗೆ ಮೇಲಕ್ಕೆ ನೋಡಬೇಕು. ದಾರಗಳು ಸೇರುವಲ್ಲಿ ಎಲೆ ಕಂಡರೆ ‘ಎಲೆ’, ಬಯಲು ಕಂಡರೆ ‘ಆಕಾಶ’. ಹತ್ತು ಹೆಜ್ಜೆ ನಡೆಯಬೇಕು, ಹತ್ತು ಸಲ ನೋಡಬೇಕು. ಹತ್ತರಲ್ಲಿ ಏಳು ಎಲೆ ಬಂದರೆ ಅದು ದಟ್ಟ ಕಾಡು. ಎಲೆ, ಎಲೆ, ಆಕಾಶ, ಎಲೆ ಎಂದು ಅವನು ಬಾಯಲ್ಲೇ ಗುನುಗುತ್ತಾನೆ. ಗುನುಗಿ ಗುನುಗಿ ಅದೇ ಚಟವಾಗಿ, ಕ್ಷೌರದಂಗಡಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿದರೂ ತುಟಿ ಅಲ್ಲಾಡುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ, ಗಂಡ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುವುದನ್ನು ಕಂಡರೆ ಸುಮ್ಮನಿರುವವಳಲ್ಲ.

“ಎಷ್ಟಾಯ್ತು ರೀ ಇವತ್ತು? ಎಲೆ ಜಾಸ್ತಿನೋ, ಜೇಡರ ಬಲೆ ಜಾಸ್ತಿನೋ?”

“ಆಕಾಶ ಒಂದೂ ಇಲ್ಲ ಕಣೇ. ಸೂರು ಗಟ್ಟಿ ಇದೆ.”

ಇಂಥ ಮನುಷ್ಯನಿಗೂ ಒಂದು ಜಂಬ ಇತ್ತು. ಆಫೀಸಿನ ಕಪಾಟಿನಲ್ಲಿ ಅವನು ಪೆನ್ಸಿಲ್ಲಿನಲ್ಲಿ ತುಂಬಿದ ಸಾವಿರದ ಇನ್ನೂರು ಹಾಳೆಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕೂತಿವೆ. ಚಿತ್ರ ನೋಡುವ ಜಾಣರು ಇದು ಕಾಡು, ಅಲ್ಲ ಇದು ತೋಪು ಎಂದು ಕಿತ್ತಾಡಿ ಸುಸ್ತಾದ ಮೇಲೆ ಯಾರಾದರೂ ಒಬ್ಬರು, “ಚುಕ್ಕಿಯಣ್ಣ ಏನು ಬರೆದಿದಾನೆ ನೋಡ್ರಪ್ಪ” ಎನ್ನುತ್ತಾರೆ. ಅಲ್ಲಿಗೆ ಜಗಳ ಮುಗಿಯಿತು. ಈ ಮಾತನ್ನು ಅವನು ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ. ಅವತ್ತು ಖುಷಿ ತಡೆಯಲಾರದೆ ಸುತ್ತುದಾರಿ ಹಿಡಿದು ಮನೆಗೆ ಬಂದ.

ಆ ಸಾವಿರದ ಇನ್ನೂರರಲ್ಲಿ ಒಂದು ಹಾಳೆ ಮಾತ್ರ ನಿದ್ದೆಯಲ್ಲಿ ತುಂಬಿದ್ದು.

ಹನ್ನೊಂದು ವರ್ಷದ ಹಿಂದಿನ ಮಾತು. ಆ ದಿನ ಎರಡು ಚುಕ್ಕಿ ಇದ್ದವು. ಮೊದಲನೆಯದನ್ನು ಬೆಳಗ್ಗೆಯೇ ಮುಗಿಸಿ ಎರಡನೆಯದಕ್ಕೆಂದು ಕಣಿವೆಗೆ ಇಳಿದ. ಇನ್ನರ್ಧ ಗಂಟೆಯ ದಾರಿ ಇದೆ ಎನ್ನುವಲ್ಲಿ ತೊರೆಯ ಪಕ್ಕ ಹಾಸುಬಂಡೆ ಸಿಕ್ಕಿತು. ಬೂಟು ಕಳಚಿ ಕಾಲನ್ನು ನೀರಿಗೆ ಬಿಟ್ಟ, ಬುತ್ತಿ ಬಿಚ್ಚಿ ಉಂಡ. ಉಂಡ ಮೇಲೆ ಒಂದು ಗಳಿಗೆ ಒರಗಿದರೆ ಯಾರ ಗಂಟು ಹೋಗುತ್ತದೆ? ಒರಗಿದ.

ಒರಗಿದವನು ಎದ್ದು ನಡೆದ. ತೊರೆ ದಾಟಿದ, ನೀರು ಮೊಣಕಾಲು ಮುಟ್ಟಿದರೂ ಬಟ್ಟೆ ಒದ್ದೆಯಾಗಲಿಲ್ಲ. ಹಿರಿಯರು ಬಂದಾಗ ಬೆಂಚಿನ ಮೇಲೆ ಸರಿದು ಕೂರುವ ಹಾಗೆ ಮರಗಳು ಒಂದೊಂದಾಗಿ ಸರಿದು ದಾರಿ ಬಿಟ್ಟವು. ಚುಕ್ಕಿ ಇದ್ದಲ್ಲಿ ಬೆಳಕೇ ಹಸಿರಾಗಿತ್ತು, ಅವನ ಕೈಬೆರಳುಗಳೂ ಹಸಿರಾಗಿ ಕಂಡವು. ನಳಿಗೆ ಎತ್ತಿದ. ಎಲೆ. ಒಂದು ಹೆಜ್ಜೆ. ಎಲೆ. ಇನ್ನೊಂದು ಹೆಜ್ಜೆ. ಎಲೆ. ಬೆನ್ನ ಹಿಂದೆ ಯಾರೋ ಮೆಲುದನಿಯಲ್ಲಿ ಅವನ ಎಣಿಕೆಯನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಯಾರೆಂದು ತಿರುಗಿ ನೋಡಬೇಕೆನಿಸಲಿಲ್ಲ, ಅಷ್ಟು ಹಿತವಾಗಿತ್ತು. ಹತ್ತಕ್ಕೆ ಹತ್ತೂ ಎಲೆ.

ಎಚ್ಚರವಾದಾಗ ಬಿಸಿಲು ಎದುರು ದಿಬ್ಬದ ತುದಿಗೆ ಏರಿತ್ತು, ಕಾಲು ನೀರಲ್ಲಿ ಮರಗಟ್ಟಿತ್ತು. ಚುಕ್ಕಿಗೆ ಹೋಗಿ ಬಂದರೆ ಕತ್ತಲಾಗುವ ಮೊದಲು ರಸ್ತೆ ಸೇರುವುದು ಆಗದ ಮಾತು. ಚೀಲದಲ್ಲಿದ್ದ ನಕ್ಷೆ ತೆಗೆದು ನೋಡಿದ. ಆ ಜಾಗಕ್ಕೆ ಉಪಗ್ರಹವೂ ಕಡು ಹಸಿರನ್ನೇ ಹಚ್ಚಿತ್ತು. ಅದು ಹೇಳಿದ್ದೂ ಕಾಡು, ತಾನು ಕಂಡದ್ದೂ ಕಾಡು. ಹಾಳೆ ತೊಡೆಯ ಮೇಲಿತ್ತು, ಪೆನ್ಸಿಲ್ ಬೆರಳ ಸಂದಿಯಲ್ಲಿತ್ತು. ‘ಎಲೆ: ಹತ್ತಕ್ಕೆ ಹತ್ತು. ಮರ: ದಟ್ಟ’ ಎಂದು ಬರೆದು ಬೂಟು ಹಾಕಿಕೊಂಡ. ಆಗೆಲ್ಲ ಫೋಟೋ ತೆಗೆಯಬೇಕೆಂಬ ನಿಯಮ ಇರಲಿಲ್ಲ, ಇವನ ಮಾತೇ ಸಾಕ್ಷಿ. ಸಾಕ್ಷಿ ಹೇಳಬೇಕಾದವನು ಆಪಾದಿತನ ಹೇಳಿಕೆಯನ್ನೇ ನಕಲು ಮಾಡಿಕೊಟ್ಟು ಬಂದ.

ಮನೆಗೆ ಬಂದು ಹೆಂಡತಿಗೆ ಹೇಳಿದ್ದ. ಅವಳು ಹಲ್ಲಲ್ಲಿ ದಾರ ಕಡಿಯುತ್ತ, “ನಾಳೆ ಹೋಗಿ ನೋಡ್ಕೊಂಡು ಬನ್ನಿ, ಅದಕ್ಕೇನಂತೆ” ಎಂದಳು. ನಾಳೆ ಬೇರೆ ಕಡೆ ಚುಕ್ಕಿ ಇತ್ತು. ನಾಡಿದ್ದು ಇನ್ನೊಂದು ಕಡೆ. ಹೀಗೆ ಮೊದಮೊದಲು ಪುರುಸೊತ್ತಾಗದೆ ಹೋಗಲಿಲ್ಲ, ಆಮೇಲೆ ನಾಚಿಕೆಯಿಂದ ಹೋಗಲಿಲ್ಲ. ಕೊನೆಕೊನೆಗೆ ಕಾರಣ ಬೇರೆಯಾಯಿತು. ಆ ಕನಸು ವರ್ಷಕ್ಕೆರಡು ಸಲ ತಾನಾಗಿ ಬರುತ್ತಿತ್ತು, ಬಂದಾಗೆಲ್ಲ ಇನ್ನಷ್ಟು ನಿಚ್ಚಳವಾಗುತ್ತಿತ್ತು. ಅಲ್ಲಿನ ಒಂದೊಂದು ಮರದ ಬಾಗೂ ಅವನಿಗೆ ಬಾಯಿಪಾಠ. ನಿಜವಾದ ಕಣಿವೆಗೆ ಹೋದರೆ ಈ ಕಣಿವೆ ಎಲ್ಲಿ ಕೈತಪ್ಪುತ್ತದೋ ಎಂದು ಅವನಿಗೆ ಭಯ.

ಆಫೀಸಿನಿಂದ ಕರೆ ಬಂದದ್ದು ಒಂದು ಮಧ್ಯಾಹ್ನ. ಹೋದ ವರ್ಷ ಹೊಸದಾಗಿ ಬಂದ ಅಧಿಕಾರಿಯನ್ನು ಎಲ್ಲರೂ ನಕ್ಷೆ ಮೇಡಂ ಎನ್ನುತ್ತಿದ್ದರು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಮೇಜಿನ ತುಂಬ ಹಾಳೆ ಹರಡಿ, ನಾಲ್ಕು ಮೂಲೆಗೂ ಟೀ ಲೋಟ, ಪಂಚಿಂಗ್ ಯಂತ್ರ, ಕನ್ನಡಕದ ಡಬ್ಬಿ, ಬೀಗದ ಗೊಂಚಲು ಹೇರಿಕೊಂಡು ಕೂತಿದ್ದರು.

“ಕೂತ್ಕೊಳ್ಳಿ ಚುಕ್ಕಿಯಣ್ಣ. ಒಂದು ಚುಕ್ಕಿ ಬಗ್ಗೆ ಕೇಳ್ಬೇಕಿತ್ತು. ನೀವು ಅಲ್ಲಿಗೆ ಹೋಗಿದ್ದೇ ಸುಳ್ಳು ಅಂತಿದಾರೆ ಮೇಲಿನೋರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, “ಕಣಿವೇದಾ?” ಎಂದು ಬಾಯಿಗೆ ಬಂದದ್ದನ್ನು ಹೇಗೋ ನುಂಗಿಕೊಂಡ. ಮೇಡಂ ಬೆರಳಿಟ್ಟದ್ದು ಕಣಿವೆಯ ಮೇಲಲ್ಲ, ಒಂದು ಗುಡ್ಡದ ಮೇಲೆ. ಅಲ್ಲಿ ಅವನು ದಟ್ಟ ಕಾಡು ಎಂದು ಬರೆದಿದ್ದ. ಉಪಗ್ರಹ ವರ್ಷ ವರ್ಷವೂ ತಪ್ಪದೆ ಬೋಳು ನೆಲ ಎನ್ನುತ್ತಿತ್ತು.

“ನಿಯಮ ಏನು ಅಂದ್ರೆ,” ಮೇಡಂ ಮೆಲ್ಲಗೆ ಹೇಳಿದರು, “ಒಂದು ಹಾಳೆ ಹೋಗ್ದೆ ಬರೆದದ್ದು ಅಂತ ಗೊತ್ತಾದ್ರೆ ಆ ಮನುಷ್ಯನ ಅಷ್ಟೂ ಹಾಳೆ ತೆಗೆದು ಹಾಕ್ತಾರೆ. ನಿಮ್ಮದು ಸಾವಿರದಿನ್ನೂರು ಇದೆ.”

“ಆ ಗುಡ್ಡಕ್ಕೆ ನಾನು ಹೋಗಿದೀನಿ ಮೇಡಂ. ಹತ್ತಕ್ಕೆ ಒಂಬತ್ತು ಎಲೆ. ಕಣ್ಣಾರೆ ಕಂಡಿದ್ದು.”

“ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ. ನಾಳೆ ಹೋಗೋಣ.”

ಏಳುವಾಗ ಅವನ ಕಣ್ಣು ಕಣಿವೆಯ ಚುಕ್ಕಿಯನ್ನು ಹುಡುಕಿತು. ಅದರ ಪಕ್ಕದಲ್ಲಿ ಹಸಿರು ಶಾಯಿಯ ಗುರುತು ಇತ್ತು. ‘ಹನ್ನೊಂದು ವರ್ಷವೂ ಪೂರ್ತಿ ತಾಳೆ’ ಎಂದು ಬರೆದಿದ್ದರು. ಹೋದದ್ದಕ್ಕೆ ಅನುಮಾನ, ಹೋಗದ್ದಕ್ಕೆ ಶಹಬ್ಬಾಸ್. ಲೋಕದ ನ್ಯಾಯ ಎಂದಿನಂತೆಯೇ ಇತ್ತು.

ಮರುದಿನ ಗುಡ್ಡ ಹತ್ತಲು ಮೂರು ಗಂಟೆ ಹಿಡಿಯಿತು. ಮೇಡಂ ಏದುಸಿರು ಬಿಟ್ಟರೂ ನಿಲ್ಲೋಣ ಎನ್ನಲಿಲ್ಲ. ನೆತ್ತಿ ಮುಟ್ಟುವ ಹೊತ್ತಿಗೆ ಮೋಡ ಕೆಳಗಿಳಿದು ಕಾಲ ಬಳಿ ಹರಿಯುತ್ತಿತ್ತು. ಆ ಬಿಳುಪಿನಿಂದ ಮರಗಳು ಎದ್ದು ನಿಂತಿದ್ದವು, ಎಲ್ಲವೂ ಒಂದೇ ಜಾತಿ, ಒಂದೇ ಎತ್ತರ, ಮೈತುಂಬ ಎಲೆ. ಅವನು ನಳಿಗೆಯನ್ನು ಮೇಡಂ ಕೈಗೇ ಕೊಟ್ಟ. ಅವರು ಮೇಲೆ ನೋಡುತ್ತ ಮೆಲ್ಲಗೆ ಹೆಜ್ಜೆ ಇಟ್ಟರು. ಎಲೆ, ಎಲೆ, ಎಲೆ, ಎಲೆ. ಎಂಟನೆಯ ಹೆಜ್ಜೆಗೆ ಒಂದು ಆಕಾಶ. ಮತ್ತೆ ಎಲೆ.

“ಹಾಗಾದ್ರೆ ಉಪಗ್ರಹಕ್ಕೆ ಯಾಕೆ ಕಾಣಲ್ಲ?”

“ಈ ಜಾತಿ ಮರ ಎಲ್ಲಾ ಒಟ್ಟಿಗೇ ಎಲೆ ಉದುರಿಸ್ತವೆ ಮೇಡಂ. ಎರಡು ತಿಂಗಳು ಬರೀ ಕಡ್ಡಿ. ಆ ಎರಡು ತಿಂಗಳೇ ಇಲ್ಲಿ ಆಕಾಶ ತಿಳಿ ಇರೋದು. ಉಳಿದ ವರ್ಷ ಪೂರ್ತಿ ಹಿಂಗೇ ಮೋಡ.”

ಮೇಡಂ ಬಿದ್ದು ಬಿದ್ದು ನಕ್ಕರು. “ಸ್ನಾನಕ್ಕೆ ಹೋದಾಗಲೇ ಬಾಗಿಲು ತಟ್ಟಿ, ಈ ಮನೆಯೋರಿಗೆ ಬಟ್ಟೆನೇ ಇಲ್ಲ ಅಂತ ವರದಿ ಬರೆದ ಹಾಗಾಯ್ತು!” ಮೋಡದೊಳಗೆ ಅವರ ನಗು ಮೆತ್ತಗೆ ಕೇಳಿಸಿತು. ಚುಕ್ಕಿಯಣ್ಣನೂ ನಕ್ಕ. ಗೆದ್ದ ಸಂತೋಷ ಅವನ ಮುಖದಲ್ಲಿ ನಾಲ್ಕು ಹೆಜ್ಜೆಯಷ್ಟು ಹೊತ್ತು ಇತ್ತು.

“ನಾನು ಬರೀತೀನಿ,” ಮೇಡಂ ಅಂದರು, “ಈ ಮನುಷ್ಯನ ಹಾಳೇಲಿ ಒಂದಕ್ಷರ ಸುಳ್ಳಿಲ್ಲ ಅಂತ. ಇನ್ಮೇಲೆ ಯಂತ್ರಕ್ಕೆ ಪಾಠ ಹೇಳೋದಕ್ಕೆ ನಿಮ್ಮ ಹಾಳೆಗಳೇ. ಆ ಕಣಿವೆ ಚುಕ್ಕಿ ಇದೆಯಲ್ಲ, ಅದನ್ನೇ ಮೊದಲ ಪಾಠ ಮಾಡೋಣ ಅಂತಿದೀನಿ. ಕಾಡು ಅಂದ್ರೆ ಹೀಗಿರತ್ತೆ ನೋಡು ಅಂತ.”

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಯಾರೂ ಕೇಳಿರಲಿಲ್ಲ. ನಿವೃತ್ತಿಗೆ ಇನ್ನು ಎರಡೇ ವರ್ಷ. ಆದರೆ ತಾನು ನಿನ್ನೆ ಅಷ್ಟು ಧೈರ್ಯವಾಗಿ ‘ಕಣ್ಣಾರೆ ಕಂಡಿದ್ದು’ ಎಂದದ್ದು ಅವನಿಗೆ ನೆನಪಾಯಿತು. ಗುಡ್ಡದ್ದು, ಕಣಿವೆಯದು, ಎರಡೂ ಹಾಳೆಯಲ್ಲಿ ಇದ್ದದ್ದು ಒಂದೇ ಕೈಬರಹ.

“ಮೇಡಂ, ಕಣಿವೆಗೆ ನಾನು ಹೋಗಿಲ್ಲ.”

“ಅಂದ್ರೆ? ಅದು ಸರಿಯಾಗಿ ತಾಳೆ ಆಗತ್ತಲ್ಲ.”

“ಆಗತ್ತೆ. ಕನಸಲ್ಲಿ ಹೋಗಿದ್ದೆ.”

ಹೇಳಿದ. ಸುತ್ತಿ ಬಳಸದೆ ಹಾಸುಬಂಡೆ, ತೊರೆ, ಹಸಿರು ಬೆಳಕು, ಹತ್ತಕ್ಕೆ ಹತ್ತು, ಎಲ್ಲ ಹೇಳಿದ. ಮೇಡಂ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಬೈಯುತ್ತಾರೆಂದು ಅವನು ಕಾದ. ಅವರು ಬೈಯಲಿಲ್ಲ, ನಳಿಗೆಯನ್ನು ಅವನ ಕೈಗೆ ವಾಪಸು ಕೊಟ್ಟು, “ನಾಡಿದ್ದು ಅಲ್ಲಿಗೆ ಹೋಗೋಣ” ಎಂದರು.

ಹೆಂಡತಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೊಲಿಯಬೇಕಾದ ಶಾಲೆ ಅಂಗಿಗಳ ರಾಶಿಗೆ ಒಂದು ಹಾಸು ಹೊದಿಸಿ, ಕಾಲಿಗೆ ಗಂಡನ ಹಳೆಯ ಬೂಟು ತೊಟ್ಟು ಹೊರಟೇ ನಿಂತಳು. “ಹನ್ನೊಂದು ವರ್ಷದಿಂದ ನಿದ್ದೇಲಿ ಎಲೆ ಎಲೆ ಅಂತ ನನ್ನ ನಿದ್ದೆ ಕೆಡಿಸಿದೀರಿ. ಆ ಜಾಗ ನಾನೂ ನೋಡ್ಬೇಕು.”

ಹಾಸುಬಂಡೆ ಹಾಗೆಯೇ ಇತ್ತು. ಮೂವರೂ ಅದರ ಮೇಲೆ ಕೂತು ನೀರು ಕುಡಿದರು. ಅಲ್ಲಿಂದ ಮುಂದಿನ ಅರ್ಧ ಗಂಟೆ ಚುಕ್ಕಿಯಣ್ಣನಿಗೆ ಎಚ್ಚರವೋ ನಿದ್ದೆಯೋ ತಿಳಿಯದ ಹಾಗಿತ್ತು. ತೊರೆ ದಾಟಿದ, ಈ ಸಲ ಬಟ್ಟೆ ಒದ್ದೆಯಾಯಿತು. ತಿರುವಿನಾಚೆ ಬೆಳಕು ಹಸಿರಿಗೆ ತಿರುಗಿತು. ಮರದಿಂದ ಮರಕ್ಕೆ, ನೆಲದಿಂದ ನೆತ್ತಿಯವರೆಗೆ ಹಸಿರು ತುಂಬಿ ತುಳುಕುತ್ತಿತ್ತು. ಹಕ್ಕಿಯ ಸದ್ದೂ ಇಲ್ಲದ ತಂಪು. ಹೆಂಡತಿ ಉಸಿರು ಬಿಗಿಹಿಡಿದು ಸುತ್ತ ನೋಡಿದಳು. ಅವಳ ಮುಖ, ಕೈ, ಬಿಳಿ ಕೂದಲು ಎಲ್ಲ ಹಸಿರಾಗಿ ಕಂಡವು. ಅವನ ಕಣ್ಣಲ್ಲಿ ನೀರೇ ಬಂತು. ಕನಸು ಸುಳ್ಳು ಹೇಳಿರಲಿಲ್ಲ!

ನಳಿಗೆ ಎತ್ತಿದ. ಎಲೆ. ಎಲೆ. ಎಲೆ. ಹಿಂದಿನಿಂದ ಹೆಂಡತಿ ಅವನ ಎಣಿಕೆಯನ್ನೇ ಮೆಲ್ಲಗೆ ಹೇಳುತ್ತ ಬಂದಳು. ಹತ್ತಕ್ಕೆ ಹತ್ತೂ ಎಲೆ. ಮೇಡಂ ನಿಟ್ಟುಸಿರು ಬಿಟ್ಟರು, ಅವರಿಗೂ ಸಮಾಧಾನವಾದಂತೆ ಕಂಡಿತು.

ನಡೆದು ದಣಿದಿದ್ದ ಹೆಂಡತಿ ಪಕ್ಕದ ಮರಕ್ಕೆ ಕೈಯೂರಿದಳು. ಕೈ ಒಳಕ್ಕೆ ಹೋಯಿತು. ತೊಗಟೆ ಪುಡಿಪುಡಿಯಾಗಿ ಉದುರಿತು. ಅವಳು ಬೆಚ್ಚಿ ಹಿಂದೆ ಸರಿದು, ಆಮೇಲೆ ಹತ್ತಿರ ಹೋಗಿ, ಬಟ್ಟೆಯ ಹೊಲಿಗೆ ಬಿಚ್ಚುವವಳಂತೆ ಎರಡೂ ಕೈಯಿಂದ ಎಲೆಗಳನ್ನು ಸರಿಸಿದಳು. ಎಲೆ ಮರದ್ದಲ್ಲ, ಬಳ್ಳಿಯದು. ಬಳ್ಳಿಯ ಒಳಗೆ ಬೂದು ಬಣ್ಣದ ಒಣ ಕಾಂಡ ನಿಂತಿತ್ತು.

“ರೀ, ಬರೀ ಬಟ್ಟೆ ಇದೆ,” ಅಂದಳು. “ಒಳಗೆ ಮೈ ಇಲ್ಲ.”

ಮುಂದಿನ ಮರ ಸರಿಸಿ ನೋಡಿದರು. ಅದೂ ಹಾಗೇ. ಅದರಾಚೆಯದೂ. ಕಣಿವೆ ಉದ್ದಕ್ಕೂ ಮರಗಳು ನಿಂತಲ್ಲೇ ಸತ್ತಿದ್ದವು. ಅವುಗಳ ನೆತ್ತಿ ಏರಿದ ಬಳ್ಳಿ ಬಿಸಿಲನ್ನೆಲ್ಲ ತಾನೇ ಕುಡಿದು, ಮೇಲಿನಿಂದ ನೋಡುವವರಿಗೆ ಹಸಿರು ತೋರಿಸುತ್ತಿತ್ತು. ಉಪಗ್ರಹ ಕಂಡದ್ದು ಸುಳ್ಳಲ್ಲ. ಹಸಿರು ಇತ್ತು, ಕಾಡು ಮಾತ್ರ ಇರಲಿಲ್ಲ.

ಮೇಡಂ ಬುಡದಲ್ಲಿ ಕೂತು, ತೊಡೆಯಷ್ಟು ದಪ್ಪ ಬಳ್ಳಿಯನ್ನು ಕೈಗರಗಸದಿಂದ ಕತ್ತರಿಸಿದರು. ಕತ್ತರಿಸಿದ ಮುಖದ ಮೇಲಿನ ಉಂಗುರಗಳನ್ನು ಉಗುರಿನಿಂದ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಅವರು ಹೇಳುವುದಕ್ಕೆ ಹಿಂದೆ ಮುಂದೆ ನೋಡುತ್ತಿದ್ದುದು ಅವನಿಗೆ ಗೊತ್ತಾಯಿತು.

“ಎಷ್ಟು ಮೇಡಂ?”

“ಹದಿಮೂರು ವರ್ಷ.”

ಅವನು ಲೆಕ್ಕ ಹಾಕಿದ. ತಾನು ಹಾಸುಬಂಡೆಯ ಮೇಲೆ ಮಲಗಿದ ದಿನ ಈ ಬಳ್ಳಿಗೆ ಎರಡು ವರ್ಷ. ಕಿರುಬೆರಳಿನಷ್ಟು ಇದ್ದಿರಬೇಕು. ಎಷ್ಟೋ ಚುಕ್ಕಿಗಳಲ್ಲಿ ಬರೆಯುವುದು ಮುಗಿದ ಮೇಲೆ ಇಂಥ ಎಳೆ ಬಳ್ಳಿಗಳನ್ನು ಅವನು ಕೈಯಲ್ಲೇ ಕಿತ್ತು ಎಸೆದಿದ್ದಾನೆ, ಮೂರು ಕಡೆಯಂತೂ ಹಾಳೆಯಲ್ಲಿ ಎಚ್ಚರಿಕೆ ಬರೆದು ಆಳು ಕಳಿಸುವಂತೆ ಮಾಡಿದ್ದಾನೆ. ಆ ದಿನ ಇನ್ನರ್ಧ ಗಂಟೆ ನಡೆದಿದ್ದರೆ ಇಷ್ಟೂ ಮರ ಬದುಕಿರುತ್ತಿದ್ದವು. ನೆಲದ ಮೇಲೆ ಕುಸಿದು ಕೂತ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಹೊಸ ಹಾಳೆ ತೆಗೆದರು. ತಾರೀಖು ಬರೆದರು. ‘ಎಲೆ: ಹತ್ತಕ್ಕೆ ಹತ್ತು. ಮರ: ಜೀವಂತ ಇಲ್ಲ’ ಎಂದು ಬರೆದರು. ‘ಎಷ್ಟನೆಯ ಭೇಟಿ’ ಎಂಬ ಕಡೆಗೆ ಬಂದು ಅವರ ಪೆನ್ಸಿಲ್ ನಿಂತಿತು. ಹಾಳೆಯನ್ನು ಅವನ ಮುಂದೆ ಹಿಡಿದರು.

“ನೋಡಿ, ನೀವು ಗುಡ್ಡದ ಮೇಲೆ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಕಾಗದಕ್ಕೆ ಬಿದ್ದಿಲ್ಲ. ಎರಡನೇ ಭೇಟಿ ಅಂತ ಬರೆದ್ರೆ, ಆಗ ಕಾಡಿತ್ತು, ಈ ಹನ್ನೊಂದು ವರ್ಷದಲ್ಲಿ ಸತ್ತಿದೆ ಅಂತ ಆಗತ್ತೆ. ಯಾರೂ ಏನೂ ಕೇಳಲ್ಲ. ಉಳಿದ ಹಾಳೆಗಳೂ ಉಳ್ಕೊಳ್ಳುತ್ವೆ.”

ಸಾವಿರದ ಇನ್ನೂರು ಹಾಳೆ. ಜಿಗಣೆ ಹತ್ತಿದ ಕಾಲು, ಹಾವು ದಾಟಿದ ದಾರಿ, ಜ್ವರದಲ್ಲೂ ಬಿಡದೆ ಏರಿದ ದಿಬ್ಬಗಳು ಅದರಲ್ಲಿದ್ದವು. ಅವೆಲ್ಲ ನಿಜವಾದವು. ಇದೊಂದಕ್ಕಾಗಿ ಅವೂ ಹೋಗಬೇಕೆಂದರೆ ಅವನ ಹೊಟ್ಟೆ ಉರಿಯಿತು.

“ಮೇಡಂ, ಈ ಯಂತ್ರ ಬೇರೆ ಕಣಿವೆಗಳಿಗೂ ಇದೇ ಹಸಿರು ಹಚ್ಚಿದೆಯಾ?”

“ಹಚ್ಚಿದೆ. ಬಹಳ ಕಡೆ. ಅದು ಕಾಡಿನ ಹಸಿರು ಅಂತ ನಾವು ಒಪ್ಕೊಂಡಿದ್ದು ಇಂಥ ಹಾಳೆಗಳಿಂದಾನೇ. ನಿಮ್ಮ ಹಳೇ ಹಾಳೆ ನಿಂತ್ರೆ ಮುಂದೆ ಯಂತ್ರವೂ ಅದನ್ನೇ ಕಲಿಯತ್ತೆ.”

ಚುಕ್ಕಿಯಣ್ಣ ಹೆಂಡತಿಯ ಮುಖ ನೋಡಿದ. “ಬರೀರಿ,” ಅಂದಳು ಅವಳು, ಏನು ಬರೆಯಬೇಕೆಂದು ಹೇಳಲಿಲ್ಲ. ಅವನು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಅಂಕಿಯಲ್ಲಿ ಬರೆದರೆ ಮುಂದೆ ಯಾರಾದರೂ ಕರುಣೆಯಿಂದ ತಿದ್ದಿಯಾರು ಎಂದು, ದಪ್ಪ ಅಕ್ಷರಗಳಲ್ಲಿ ‘ಮೊದಲನೆಯದು’ ಎಂದು ಬರೆದ.